ಸೇವಂತಿಗೆಗೆ ಎಲೆಚುಕ್ಕೆ: ಉಳಿದ ಬೋರ್ಡೋ ಹೊಡೆಯಬಹುದಾ?

ಹಿತ್ತಿಲಗಿಡ, ತೀರ್ಥಹಳ್ಳಿ:
ಅಂಗಳದ ಸೇವಂತಿಗೆಗೆ ಎಲೆಚುಕ್ಕೆ ಬಂದಿದೆ. ಬುಡದ ಎಲೆಯಿಂದ ಶುರುವಾಗಿ ಈಗ ಅರ್ಧ ಗಿಡಕ್ಕೆ ಹತ್ತಿದೆ. ಎಲೆ ಕಪ್ಪಾಗಿ ಒಣಗುತ್ತದೆ, ಆದರೆ ಉದುರುವುದಿಲ್ಲ, ಕಾಂಡಕ್ಕೇ ಜೋತು ಬಿದ್ದಿರುತ್ತದೆ. ನಿನ್ನೆ ಅಡಿಕೆಗೆ ಹೊಡೆದ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಡ್ರಮ್ಮಿನಲ್ಲಿ ಸ್ವಲ್ಪ ಉಳಿದಿದೆ. ಅದನ್ನೇ ಹೊಡೆದರೆ ಆಗುತ್ತಾ?

ಹೂಕುಂಡ, ಹಾಸನ:
ಬೇಡ ಅಕ್ಕ. ಬೋರ್ಡೋ ಮಾಡಿದ ದಿನವೇ ಖಾಲಿ ಆಗಬೇಕು. ಮೇಲಾಗಿ ಅಡಿಕೆಗೆ ಮಾಡಿದ ಶೇ. 1ರ ದ್ರಾವಣಕ್ಕೆ ಎಳೆ ಚಿಗುರು ಸುಡಬಹುದು.

ಮದ್ದಿಗೆ ಮೊದಲು ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಚುಕ್ಕೆ ದುಂಡಗಿದ್ದು ನರ ದಾಟಿ ಹರಡಿದ್ದರೆ ಸೆಪ್ಟೋರಿಯಾ ಶಿಲೀಂಧ್ರ. ನರದಿಂದ ನರಕ್ಕೆ ಮಾತ್ರ, ಮೂಲೆ ಮೂಲೆಯಾಗಿ ಕಂದಿದ್ದರೆ ಎಲೆಯೊಳಗಿನ ಜಂತುಹುಳು, ಅಂದರೆ ನೆಮಟೋಡ್. ಎರಡೂ ಬುಡದಿಂದಲೇ ಮೇಲೇರುತ್ತವೆ, ಎರಡಕ್ಕೂ ಒದ್ದೆ ಎಲೆ ಬೇಕು. ಅದಕ್ಕೇ ಗುರುತು ತಪ್ಪುವುದು. ಜಂತುಹುಳಕ್ಕೆ ಶಿಲೀಂಧ್ರನಾಶಕ ಹೊಡೆದರೆ ಸುಮ್ನೆ ದುಡ್ಡು ದಂಡ.

ಹಿತ್ತಿಲಗಿಡ:
ಅಕ್ಕ ಅಲ್ಲ ಮಾರಾಯ್ರೆ, ಅಣ್ಣ 😄 ನೋಡಿದೆ, ದುಂಡು ಚುಕ್ಕೆಗಳೇ. ಎರಡು ಮೂರು ಕೂಡಿಕೊಂಡ ಕಡೆ ನರದ ಮೇಲೂ ಹತ್ತಿದೆ. ಮಗಳ ಲೆನ್ಸಿನಲ್ಲಿ ನೋಡಿದರೆ ಹಳೆ ಚುಕ್ಕೆಯ ನಡುವೆ ಸಾಸಿವೆಗಿಂತ ಎಷ್ಟೋ ಸಣ್ಣ ಕರಿ ಕಾಳು ಕಾಣುತ್ತಿವೆ.

ಹೂಕುಂಡ:
ಹಾಗಾದರೆ ಸೆಪ್ಟೋರಿಯಾನೇ ಅಣ್ಣ. ಆ ಕಾಳಿನೊಳಗೇ ರೋಗ ಹರಡುವ ಬೀಜಕ ಇರುವುದು. ಮಳೆಹನಿ ಬಿದ್ದಾಗ ಸಿಡಿದು ಮೇಲಿನ ಎಲೆಗೆ ಹತ್ತುತ್ತದೆ. ಜೋತು ಬಿದ್ದ ಎಲೆ ಒಂದೂ ಬಿಡದೆ ತೆಗೆಯಿರಿ. ಈ ಮಳೆಯಲ್ಲಿ ಸುಡುವುದು ಕಷ್ಟ, ದೂರ ಎಲ್ಲಾದರೂ ಆಳಕ್ಕೆ ಹೂತುಬಿಡಿ. ಗೊಬ್ಬರ ಗುಂಡಿಗೆ ಬೇಡ. ಒದ್ದೆ ಗಿಡ ಮುಟ್ಟಬೇಡಿ, ಕೈಯಿಂದಲೇ ಹರಡುತ್ತದೆ.

ಆಮೇಲೆ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ, ಜೊತೆಗೆ ಮದ್ದು ಎಲೆಗೆ ಹಿಡಿಯಲು ಸ್ವಲ್ಪ ಅಂಟು. ಎಲೆಯ ಅಡಿಗೂ ತಾಗಬೇಕು. 10–15 ದಿನ ಬಿಟ್ಟು ಇನ್ನೊಮ್ಮೆ. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಆಗಿರುವ ಚುಕ್ಕೆ ಮಾಸುವುದಿಲ್ಲ. ಹೊಸ ಎಲೆ ಚೊಕ್ಕವಾಗಿ ಬರುತ್ತಾ ನೋಡಿ, ಅಷ್ಟೇ.

ಗದ್ದೆಬದಿ, ಸಾಗರ:
ಸೂರಿನ ನೀರು ಬೀಳುವ ಕಡೆ ನೆಟ್ಟಿದ್ದೀರಾ? ಹಾಗಿದ್ದರೆ ಎಷ್ಟು ಹೊಡೆದರೂ ಮತ್ತೆ ಬರುತ್ತದೆ. ಬುಡಕ್ಕೆ ದರಗು (ಒಣ ಎಲೆ) ಹಾಸಿ, ಮಣ್ಣು ಸಿಡಿಯುವುದಾದರೂ ನಿಲ್ಲುತ್ತದೆ. ಮುಂದಿನ ಸಲ ರೋಗದ ಗಿಡದ ಬುಡದ ಕಂದು (ಮರಿಗಿಡ) ಕಿತ್ತು ನೆಡಬೇಡಿ. ಚೆನ್ನಾಗಿರುವ ಗಿಡದ ತುದಿ ಕಡ್ಡಿ ಊರಿ.

ಹಿತ್ತಿಲಗಿಡ:
ಸೂರಿನ ಸಾಲೇ ಜಾಸ್ತಿ ಹಾಳಾಗಿರುವುದು! ಮಳೆ ಹೊಳವಾದ ಕೂಡಲೇ ಎಲೆ ಕೀಳುತ್ತೇನೆ. ಮದ್ದಿಗೆ ನಾಳೆ ಪೇಟೆಗೆ ಹೋಗಬೇಕು.