ಕೇದಾರಕಂಠಕ್ಕೆ 16 ಪಿಯು ಮಕ್ಕಳು: ಶೂ, ಜಾಕೆಟ್‌ಗೆ ಪ್ರಾಯೋಜಕರನ್ನು ಹೇಗೆ ಕೇಳೋದು?

ಎನ್ನೆಸ್ಸೆಸ್_ಮಂಡ್ಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಸರ್ಕಾರಿ ಪಿಯು ಕಾಲೇಜಿನ 16 ಮಕ್ಕಳು (9 ಹುಡುಗಿಯರು, 7 ಹುಡುಗರು), ಜೊತೆಗೆ ಇಬ್ಬರು ಉಪನ್ಯಾಸಕರು ಡಿಸೆಂಬರ್ ಕೊನೆಯ ವಾರ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಡುವುದು ತೀರ್ಮಾನವಾಗಿದೆ. ಬುಡದ ಹಳ್ಳಿ ಸಾಂಕ್ರಿಯಿಂದ ಹತ್ತೋದು, ತುದಿ ಸುಮಾರು 12,500 ಅಡಿ. ಟೆಂಟು, ಸ್ಲೀಪಿಂಗ್ ಬ್ಯಾಗು, ಊಟ, ಗೈಡು ಚಾರಣ ಸಂಸ್ಥೆಯದ್ದು. ಕಾಲಿಗೆ, ಮೈಗೆ, ಬೆನ್ನಿಗೆ ಬೇಕಾದ್ದು ನಮ್ಮದು.

ಜೊತೆಗೆ, ಮಕ್ಕಳು ಹತ್ತುವ ಪ್ರತಿ ಸಾವಿರ ಅಡಿಗೆ ಇಷ್ಟು ಅಂತ ಊರವರಿಂದ ದೇಣಿಗೆ ಎತ್ತಿ ಅಂಧ ಮಕ್ಕಳ ಶಾಲೆಗೆ ಕೊಡುವ ಆಸೆ ಇದೆ.

ಕೇಳಬೇಕಾದ್ದು ಮೂರು. ಸಾಮಾನಿಗೆ ಯಾರ ಬಳಿ, ಯಾವಾಗ ಹೋಗಬೇಕು? ಎತ್ತಿದ ದೇಣಿಗೆಯಲ್ಲೇ ಶೂ ಕೊಂಡರೆ ತಪ್ಪಾಗುತ್ತಾ? ಒಬ್ಬ ಅಂಗಡಿಯವರು ಹಳೇ ಸ್ಟಾಕಿನ ಟ್ರೆಕಿಂಗ್ ಶೂ ಪುಕ್ಕಟೆ ಕೊಡ್ತೀವಿ, ಮಳೆ ಜಾಕೆಟ್ ಮೇಲೆ ನಮ್ಮ ಹೆಸರು ಹೊಲಿಸಿ ಅಂತಿದ್ದಾರೆ. ಒಪ್ಪಿಕೊಳ್ಳೋದಾ?

ಕುಂತಿಬೆಟ್ಟ_ಚಾರಣ

ಮೇಡಂ, ಮೊದಲು ಪಟ್ಟಿ ಚಿಕ್ಕದು ಮಾಡಿ. ದಪ್ಪ ಜಾಕೆಟ್, ರಕ್‌ಸ್ಯಾಕ್, ವಾಕಿಂಗ್ ಪೋಲ್ ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಮೈಕ್ರೋಸ್ಪೈಕ್ (ಹಿಮದಲ್ಲಿ ಜಾರದಂತೆ ಶೂ ಕೆಳಗೆ ಹಾಕೋ ಮುಳ್ಳಿನ ಸರಪಳಿ), ಗೇಟರ್ (ಶೂ ಒಳಗೆ ಹಿಮ ಹೋಗದಂತೆ ಮೊಣಕಾಲ ಕೆಳಗೆ ಸುತ್ತೋ ಕವಚ) ಸಾಮಾನ್ಯವಾಗಿ ಚಾರಣ ಸಂಸ್ಥೆಯೇ ಕೊಡುತ್ತೆ, ಬರವಣಿಗೆಯಲ್ಲಿ ಖಚಿತ ಮಾಡಿಕೊಳ್ಳಿ. ಪ್ರಾಯೋಜಕರ ಹತ್ತಿರ ಕೇಳಬೇಕಾದ್ದು ಬಾಡಿಗೆಗೆ ಸರಿಹೋಗದ್ದು ಮಾತ್ರ: 18 ಜೊತೆ ಶೂ, 18 ಸೆಟ್ ಮಳೆ ಜಾಕೆಟ್ ಮತ್ತು ಪ್ಯಾಂಟ್, 18 ಸೆಟ್ ಥರ್ಮಲ್ (ಬೆಚ್ಚನೆಯ ಒಳ ಉಡುಪು), ತಲೆಗೆ ಮೂರರಂತೆ 54 ಜೊತೆ ಉಣ್ಣೆ ಕಾಲುಚೀಲ, 18 ಹೆಡ್‌ಲ್ಯಾಂಪ್, 18 ಕಪ್ಪು ಕನ್ನಡಕ. ಕನ್ನಡಕ ಶೋಕಿಗಲ್ಲ. ಹಿಮದಿಂದ ಪುಟಿಯುವ ಬಿಸಿಲು ಒಂದೇ ದಿನದಲ್ಲಿ ಕಣ್ಣು ಸುಡುತ್ತೆ. ಎಷ್ಟು ಬಿಸಿಲು ತಡೆಯುತ್ತೆ ಅನ್ನೋದಕ್ಕೆ ಅದರ ಮೇಲೆ ಕೆಟಗರಿ 3 ಅಥವಾ 4 ಅಂತ ಬರೆದಿರಬೇಕು.

ಶೂ ವಿಷಯದಲ್ಲಿ ಎಲ್ಲರೂ ಎಡವೋದು ಅಳತೆಯಲ್ಲಿ. "ನಂದು 7 ನಂಬರ್" ಅಂತ ಮಕ್ಕಳು ಹೇಳಿದ್ದನ್ನ ಬರೆದುಕೊಂಡು ಆರ್ಡರ್ ಕೊಡಬೇಡಿ. ಸಂಜೆ, ಓಡಾಡಿ ಕಾಲು ಸ್ವಲ್ಪ ಊದಿರೋ ಹೊತ್ತಲ್ಲಿ, ದಪ್ಪ ಕಾಲುಚೀಲ ಹಾಕಿಸಿ ಎ4 ಹಾಳೆ ಮೇಲೆ ನಿಲ್ಲಿಸಿ. ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೀರಿ. ಹಿಮ್ಮಡಿಯಿಂದ ಎಲ್ಲಕ್ಕಿಂತ ಉದ್ದದ ಬೆರಳಿನ ತುದಿವರೆಗೆ ಎಷ್ಟು ಮಿಲಿಮೀಟರ್, ಬೆರಳುಗಳ ಬುಡದಲ್ಲಿ ಅಗಲ ಎಷ್ಟು, ಎರಡನ್ನೂ ಬರೀರಿ. ಎರಡು ಕಾಲಲ್ಲಿ ದೊಡ್ಡದೇ ಲೆಕ್ಕ. ವರ್ಷವಿಡೀ ಚಪ್ಪಲಿಯಲ್ಲೋ ಬರಿಗಾಲಲ್ಲೋ ಗದ್ದೆ ಬಯಲು ಓಡಾಡೋ ಮಕ್ಕಳ ಪಾದ ಮುಂದೆ ಅಗಲ ಇರುತ್ತೆ. ಉದ್ದ ಸರಿ ಇದ್ದರೂ ಕಿರುಬೆರಳ ಹತ್ತಿರ ಉಜ್ಜಿ ಬೊಬ್ಬೆ ಏಳುತ್ತೆ. ಬೆರಳ ಮುಂದೆ 10ರಿಂದ 12 ಮಿಲಿಮೀಟರ್ ಜಾಗ ಉಳಿಯಬೇಕು. ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳ ಉಗುರು ಪ್ರತಿ ಹೆಜ್ಜೆಗೂ ಗುದ್ದಿಸಿಕೊಂಡು ಕಪ್ಪಾಗುತ್ತೆ.

ಶೂ ಅಕ್ಟೋಬರ್ ಕೊನೆಗೆ ಕೈಗೆ ಬರಲೇಬೇಕು. ನವೆಂಬರ್ ಪೂರ್ತಿ ಅದನ್ನೇ ಹಾಕಿಕೊಂಡು ಕುಂತಿಬೆಟ್ಟ, ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿಸಿ. ಸೈಜ್ ಸರಿಹೋಗದಿದ್ದರೆ ಬದಲಾಯಿಸಿಕೊಡಬೇಕು ಅನ್ನೋ ಮಾತು ಪ್ರಾಯೋಜಕರಿಗೆ ಬರೆಯುವ ಪತ್ರದಲ್ಲೇ ಇರಲಿ.

ಇನ್ನೊಂದು. ಹತ್ತಿದಷ್ಟು ಅಡಿಗೆ ಇಷ್ಟು ದುಡ್ಡು ಅನ್ನೋದನ್ನ ದಯವಿಟ್ಟು ಕೈಬಿಡಿ. ಎತ್ತರದಲ್ಲಿ ತಲೆನೋವು, ವಾಂತಿ ಶುರುವಾದ ಮಗು ಸುಮ್ಮನೆ ಕೆಳಗಿಳಿಯಬೇಕು. ತಾನು ಇಳಿದರೆ ಶಾಲೆಗೆ ದುಡ್ಡು ಕಮ್ಮಿ ಆಗುತ್ತೆ ಅಂತ ಗೊತ್ತಿದ್ದರೆ ಅದು ಬಾಯಿ ಬಿಡಲ್ಲ. ದೇಣಿಗೆಯನ್ನ ತಯಾರಿಗೆ ಕಟ್ಟಿ: ನವೆಂಬರ್‌ನಲ್ಲಿ 16 ಜನ ಸೇರಿ ಚಾಮುಂಡಿಬೆಟ್ಟದ ಮೆಟ್ಟಿಲನ್ನ ಇಷ್ಟು ಸಲ ಹತ್ತೋದು, ಪ್ರತಿ ಸಲಕ್ಕೆ ಇಷ್ಟು ಅಂತ.

ಖಾತೆಕಿರ್ದಿ

ದುಡ್ಡಿನ ಭಾಗ ನಾನು ಹೇಳುತ್ತೇನೆ.

ದೇಣಿಗೆಯಲ್ಲಿ ಶೂ ಕೊಳ್ಳಬೇಡಿ. ಅಂಧ ಮಕ್ಕಳ ಶಾಲೆಗೆ ಅಂತ ಹೇಳಿ ಪಡೆದ ದುಡ್ಡು ಪೂರ್ತಿ ಅಲ್ಲಿಗೇ ಹೋಗಬೇಕು. ಎರಡು ರಸೀತಿ ಪುಸ್ತಕ, ಎರಡು ಖಾತೆ. ಶಾಲೆ ನಡೆಸುವ ಸಂಸ್ಥೆಗೆ 80ಜಿ (ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ) ಇದ್ದರೆ ದಾನಿಗಳು ನೇರವಾಗಿ ಅವರ ಖಾತೆಗೇ ಹಾಕಲಿ, ರಸೀತಿ ಅಲ್ಲಿಂದಲೇ ಬರಲಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ 80ಜಿ ರಿಯಾಯಿತಿ ಸಿಗುವುದಿಲ್ಲ. ವಸ್ತು ಕೊಟ್ಟರೂ ಇಲ್ಲ. ಶೂ ಕೊಡುವವರಿಗೆ "ಟ್ಯಾಕ್ಸ್ ಉಳಿಯುತ್ತೆ ಸಾರ್" ಅಂತ ಯಾರೂ ಮಾತು ಕೊಟ್ಟುಬಿಡಬೇಡಿ.

ಮೈಸೂರಿನ ಹೆಬ್ಬಾಳ, ನಂಜನಗೂಡು ಕೈಗಾರಿಕಾ ಪ್ರದೇಶದ ದೊಡ್ಡ ಕಂಪನಿಗಳಿಗೆ ಎಲ್ಲರೂ ಸಿಎಸ್‌ಆರ್ (ಕಂಪನಿಗಳು ಕಾನೂನಿನಂತೆ ಸಮಾಜಕ್ಕೆ ಖರ್ಚು ಮಾಡುವ ಹಣ) ಅಂತಲೇ ಪತ್ರ ಬರೆಯುತ್ತಾರೆ, ಅಲ್ಲೇ ಅದು ನಿಂತುಬಿಡುತ್ತೆ. ಕಾರಣ ಇದೆ. ತಮ್ಮ ಸರಕಿಗೆ ಪ್ರಚಾರ ಸಿಗಲಿ ಅಂತ ಮಾಡುವ ಪ್ರಾಯೋಜನೆಯನ್ನು ಸಿಎಸ್‌ಆರ್ ನಿಯಮ ಹೊರಗಿಟ್ಟಿದೆ. ಮ್ಯಾರಥಾನ್ ಥರದ ಒಂದು ಸಲದ ಕಾರ್ಯಕ್ರಮ ಲೆಕ್ಕಕ್ಕೆ ಬರುವುದಿಲ್ಲ ಅಂತ ಕೇಂದ್ರ ಕಂಪನಿ ವ್ಯವಹಾರ ಸಚಿವಾಲಯ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ಹಣ ಪಡೆದು ಕೆಲಸ ಮಾಡುವ ಟ್ರಸ್ಟಿಗೆ ಅದೇ ಸಚಿವಾಲಯದಲ್ಲಿ ಸಿಎಸ್‌ಆರ್-1 ಅನ್ನುವ ಅರ್ಜಿಯ ನೋಂದಣಿಯೂ ಇರಬೇಕು. ಹಾಗಾಗಿ ಹೆಸರು ಹಾಕಿಸುತ್ತೀರಾದರೆ ಪತ್ರ ಮಾರ್ಕೆಟಿಂಗ್ ವಿಭಾಗಕ್ಕೆ ಹೋಗಲಿ, ಸಿಎಸ್‌ಆರ್ ಪದವೇ ಬೇಡ.

ಅಂಗಡಿಯವರ ಬಳಿ ಪುಕ್ಕಟೆ ಕೇಳುವುದಕ್ಕಿಂತ ಬಿಲ್ಲಿನಲ್ಲೇ ರಿಯಾಯಿತಿ ಕೇಳಿ. ಉಚಿತವಾಗಿ ಕೊಟ್ಟ ಮಾಲಿನ ಮೇಲೆ ಪಡೆದಿದ್ದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಗೆ ಸಿಗುವ ವಜಾ) ಅನ್ನು ಅವರು ವಾಪಸ್ ಕಟ್ಟಬೇಕಾಗುತ್ತೆ. ಬಿಲ್ಲಿನಲ್ಲೇ ಕಾಣಿಸಿದ ರಿಯಾಯಿತಿಗೆ ಆ ತಲೆನೋವಿಲ್ಲ. ಉಳಿದ ಮೊತ್ತವನ್ನು ಪ್ರಾಯೋಜಕರು ಅಂಗಡಿಗೇ ನೇರ ಕಟ್ಟಲಿ, ಮಾಲು ಕಾಲೇಜಿನ ಸ್ಟಾಕ್ ಪುಸ್ತಕಕ್ಕೆ ಏರಲಿ.

ಸಮಯ: ರೋಟರಿ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಶುರು. ಹೊಸ ಅಧ್ಯಕ್ಷರು ವರ್ಷದ ಕಾರ್ಯಕ್ರಮ ಹಾಕಿಕೊಳ್ಳುವ ಈ ಆಷಾಢದಲ್ಲೇ ಹೋಗಿ. ಒಂದೇ ಪುಟದ ಪತ್ರ: ಯಾರು, ಎಲ್ಲಿಗೆ, ಯಾವ ಸೈಜಿನದ್ದು ಎಷ್ಟು, ಯಾವ ತಾರೀಖಿನೊಳಗೆ ಬೇಕು. ಹಿಂದೆ ಅಂಗಡಿಯ ಕೊಟೇಶನ್, ಪ್ರಾಂಶುಪಾಲರ ಅನುಮತಿ. "ತಮ್ಮ ಕೈಲಾದ ಸಹಾಯ" ಅಂತ ಬರೆದರೆ ಒಂದು ಬ್ಯಾನರು, ಎರಡು ಡಜನ್ ಟೋಪಿ ಬರುತ್ತೆ, ಅಷ್ಟೇ.

ಅಟ್ಟೆ_ಹೊಲಿಗೆ (ಮೈಸೂರು)

ಹಳೇ ಸ್ಟಾಕಿನ ಶೂ ಬೇಡವೇ ಬೇಡ, ನೋಡದೆ ಅಂತೂ ಬೇಡ. ಬಹಳಷ್ಟು ಟ್ರೆಕಿಂಗ್ ಶೂಗಳ ನಡು ಅಟ್ಟೆ (ಪಾದಕ್ಕೂ ಕೆಳಗಿನ ರಬ್ಬರಿಗೂ ನಡುವಿನ ಮೆತ್ತನೆ ಪದರ) ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಫೋಮಿನದು. ಹಾಕದೆ ಡಬ್ಬಿಯಲ್ಲಿ ಇಟ್ಟಿದ್ದರೂ ಗಾಳಿಯ ತೇವಕ್ಕೆ ಅದು ಒಳಗೊಳಗೇ ಪುಡಿಯಾಗುತ್ತಾ ಬರುತ್ತೆ. ಹೊರಗಿಂದ ನೋಡಿದರೆ ಫಳಫಳ ಹೊಸದು. ಭಾರ ಹಾಕಿ ಒಂದು ದಿನ ನಡೆದರೆ ಕೆಳಗಿನ ರಬ್ಬರ್ ಪೂರ್ತಿ ಬಾಯಿ ಬಿಡುತ್ತೆ.

ಪರೀಕ್ಷೆ ಹೀಗೆ: ಶೂ ನಾಲಿಗೆಯ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇದ್ದರೆ ನೋಡಿ. ಐದು ವರ್ಷ ದಾಟಿದ್ದರೆ ಕೆಳಗಿಡಿ. ಶೂ ಮುಂಭಾಗ ಬಗ್ಗಿಸಿ, ನಡು ಅಟ್ಟೆಯ ಪಕ್ಕಕ್ಕೆ ಹೆಬ್ಬೆರಳ ಉಗುರು ಒತ್ತಿ. ಗುಂಡಿ ಬಿದ್ದು ಮತ್ತೆ ಉಬ್ಬಿ ಬಂದರೆ ಸರಿ. ಕೂದಲೆಳೆಯಂಥ ಬಿರುಕು ಕಂಡರೆ, ಒಣಗಿದ ಬೆಲ್ಲದ ಥರ ಉದುರಿದರೆ, ಅಥವಾ ಬೆರಳಿಗೆ ಅಂಟಿದರೆ ಆ ಶೂ ಕಥೆ ಮುಗೀತು. ಅದನ್ನ ಅಂಟು ಹಾಕಿ ಉಳಿಸೋಕ್ಕಾಗಲ್ಲ, ಅಂಟು ಹಿಡಿಯೋಕೆ ಗಟ್ಟಿ ಜಾಗವೇ ಇರಲ್ಲ.

ಮಳೆ ಜಾಕೆಟ್ ಮೇಲೆ ಹೆಸರು ಹೊಲಿಸಬೇಡಿ. ಸೂಜಿ ಇಳಿದ ಒಂದೊಂದು ತೂತಲ್ಲೂ ನೀರು ಒಳಗೆ ಬರುತ್ತೆ. ಎದೆ ಮೇಲೆ ಹತ್ತು ಸೆಂಟಿಮೀಟರ್ ಲೋಗೋ ಅಂದರೆ ನೂರಾರು ತೂತು. ಬಿಸಿ ಒತ್ತಿ ಅಂಟಿಸೋ ಪ್ರಿಂಟೂ ಬೇಡ, ಒಳಗಿನ ಲೇಪ ಸುಕ್ಕಾಗಿ ಏಳುತ್ತೆ. ಹೆಸರಿಗೆ ಜಾಗ ಟೀ ಶರ್ಟು, ಟೋಪಿ. ತುದಿಯಲ್ಲಿ ಫೋಟೋಗೆ ಬಟ್ಟೆ ಬ್ಯಾನರ್, ಮಡಚಿ ಜೇಬಿಗೆ ಹೋಗುವಷ್ಟು. ಫ್ಲೆಕ್ಸ್ ಬೇಡ. ಮಕ್ಕಳ ಫೋಟೋ ಜಾಹೀರಾತಿಗೆ ಬಳಸೋದಾದರೆ ಪೋಷಕರ ಒಪ್ಪಿಗೆ ಪತ್ರ ಮೊದಲು.

ಎನ್ನೆಸ್ಸೆಸ್_ಮಂಡ್ಯ

ತುಂಬಾ ಉಪಕಾರವಾಯ್ತು. ಅಡಿ ಲೆಕ್ಕದ ದೇಣಿಗೆ ಇವತ್ತೇ ಬಿಟ್ಟೆವು, ಮೆಟ್ಟಿಲ ಲೆಕ್ಕ ಮಾಡ್ತೀವಿ. ಒಂದು ಅನುಮಾನ: ಇನ್ನೊಬ್ಬರು −10 ಡಿಗ್ರಿ ಅಂತ ಬರೆದಿರೋ ಸ್ಲೀಪಿಂಗ್ ಬ್ಯಾಗ್ ಹತ್ತು ಕೊಡ್ತಾರಂತೆ. ತಗೋಬಹುದಾ?

ಕುಂತಿಬೆಟ್ಟ_ಚಾರಣ

ಆ −10 ಯಾವ ಅಂಕಿ ಅಂತ ಒಳಗಿನ ಚೀಟಿ ನೋಡಿ. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಅಂತ ಮೂರು ಇರುತ್ತೆ. ಎಕ್ಸ್‌ಟ್ರೀಮ್ ಅಂದರೆ ಜೀವ ಉಳಿಯುವ ಮಟ್ಟ, ನಿದ್ದೆ ಬರುವ ಮಟ್ಟ ಅಲ್ಲ. ಎಷ್ಟೋ ಬ್ಯಾಗಿನ ಮೇಲೆ ದಪ್ಪಕ್ಷರದಲ್ಲಿ ಹಾಕೋದು ಅದನ್ನೇ. ಹುಡುಗಿಯರಿಗೆ ಕಂಫರ್ಟ್ ಅಂಕಿಯೇ ಲೆಕ್ಕ. −10 ಅನ್ನೋದು ಎಕ್ಸ್‌ಟ್ರೀಮ್ ಆಗಿದ್ದರೆ ಕೇದಾರಕಂಠಕ್ಕೆ ಬೇಡ, ತಡಿಯಂಡಮೋಳು, ಕುಮಾರಪರ್ವತದ ಕಡೆಗೆ ಚೆನ್ನಾಗಾಗುತ್ತೆ. ಕಾಲೇಜಿಗೆ ಇಟ್ಟುಕೊಳ್ಳಿ.

ಅಟ್ಟೆ_ಹೊಲಿಗೆ (ಮೈಸೂರು)

ಇಟ್ಟುಕೊಂಡರೆ ಒತ್ತಿ ಚೀಲಕ್ಕೆ ತುಂಬಿ ಬೀರುವಿನಲ್ಲಿಡಬೇಡಿ, ಒಳಗೆ ತುಂಬಿರೋದು ಚಪ್ಪಟೆಯಾಗುತ್ತೆ. ಸಡಿಲವಾಗಿ ನೇತುಹಾಕಿ. ವಾಪಸ್ ಬಂದ ಶೂಗಳ ಒಳ ಅಟ್ಟೆ (ಇನ್‌ಸೋಲ್) ತೆಗೆದು ನೆರಳಲ್ಲಿ ಎರಡು ದಿನ ಒಣಗಿಸಿ, ಪೇಪರ್ ತುರುಕಿ, ಸೈಜನ್ನ ಹಿಮ್ಮಡಿ ಮೇಲೆ ಮಾರ್ಕರ್‌ನಲ್ಲಿ ಬರೆದು, ತೆರೆದ ಶೆಲ್ಫಿನಲ್ಲಿಡಿ. ಬಿಸಿಲು ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ಯಾರಾದರೂ ಹಾಕಿಕೊಂಡು ಸ್ವಲ್ಪ ಓಡಾಡಲಿ. ಸುಮ್ಮನೆ ಇಟ್ಟದ್ದಕ್ಕಿಂತ ಬಳಸಿದ ಅಟ್ಟೆ ಹೆಚ್ಚು ಕಾಲ ಬರುತ್ತೆ.