ಟ್ರೇಲ್ ಓಟದಲ್ಲಿ ನನಗೆ ಹೊಂದುವುದು ಯಾವುದು? ಓಡಿದವರು ಹೇಳಿ

ಕೇಳಿದವರು (ಕೋಥ್ರೂಡ್, ಪುಣೆ):
ನಮಸ್ಕಾರ. ಧಾರವಾಡದವನು, ಪುಣೆಗೆ ಬಂದು ಆರು ವರ್ಷ. ರಸ್ತೆಯಲ್ಲಿ ಮೂರು ಹಾಫ್ ಮ್ಯಾರಥಾನ್ (21 ಕಿ.ಮೀ.) ಓಡಿದ್ದೇನೆ, ಸುಮಾರು 2 ಗಂಟೆ 10 ನಿಮಿಷ. ಈಗ ಟ್ರೇಲ್ ಓಟದ, ಅಂದರೆ ಗುಡ್ಡ-ಕಾಡಿನ ಕಾಲುದಾರಿಯಲ್ಲಿ ಓಡುವ ಹುಚ್ಚು ಹಿಡಿದಿದೆ. ಆಫೀಸಿನ ಗೆಳೆಯರು ಸೀದಾ 50 ಕಿ.ಮೀ. ಕೋಟೆ ಓಟಕ್ಕೆ ಹೆಸರು ಕೊಡು ಅನ್ನುತ್ತಿದ್ದಾರೆ. ಹೆಂಡತಿ ಬೇಡ ಅನ್ನುತ್ತಿದ್ದಾಳೆ. ನಿಮಗೆ ಯಾವ ಥರದ ಓಟ ಹೊಂದಿತು, ಅದು ಗೊತ್ತಾಗಿದ್ದು ಹೇಗೆ?

ವಾರ್ಜೆ, ಪುಣೆಯಿಂದ:
ಹೆಂಡತಿ ಮಾತು ಕೇಳಿ ಸರ್. ಸುಮ್ನೆ ಹೇಳುತ್ತಿಲ್ಲ. ನಾನೂ ರಸ್ತೆಯಿಂದ ನೇರ 50ಕ್ಕೆ ಹಾರಿದವನು. ಎರಡು ಹಾಫ್, ಮೇಲೆ ಸ್ವಲ್ಪ, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಏರು ಚೆನ್ನಾಗಿಯೇ ಹತ್ತಿದೆ. ಕೆಟ್ಟಿದ್ದು ಇಳಿಯುವಾಗ. ಸಹ್ಯಾದ್ರಿಯ ಕಪ್ಪು ಬಂಡೆ, ಅದರ ಮೇಲೆ ಸಡಿಲ ಕಲ್ಲು, ಒಣಹುಲ್ಲು. ಹೆಜ್ಜೆಗೊಮ್ಮೆ ಬ್ರೇಕ್ ಹಾಕಿ ಹಾಕಿ ತೊಡೆ ನಡುಗಲು ಶುರುವಾಯಿತು. 30 ಕಿ.ಮೀ. ಮುಟ್ಟುವಷ್ಟರಲ್ಲಿ ಕಟ್-ಆಫ್ ಸಮಯ (ಅಲ್ಲಿಗೆ ತಲುಪಲು ಕೊಟ್ಟ ಗಡುವು) ಮುಗಿದಿತ್ತು. ಜೀಪಿನಲ್ಲಿ ಕೂರಿಸಿ ಕಳಿಸಿದರು. ಮೂರು ದಿನ ಮನೆಯ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆ. ಮಗಳಿಗೆ ಅದೇ ತಮಾಷೆ.

ಗುಡ್ಡದಲ್ಲಿ ಬರೀ ದೂರ ನೋಡಬೇಡಿ. ಪ್ರತಿ 100 ಮೀಟರ್ ಏರಿಗೆ 1 ಕಿ.ಮೀ. ಸೇರಿಸುವ ಒಂದು ಲೆಕ್ಕ ಇದೆ. 25 ಕಿ.ಮೀ. ಓಟದಲ್ಲಿ 1,000 ಮೀಟರ್ ಏರು ಇದ್ದರೆ ಅದು 35ಕ್ಕೆ ಸಮ. ಇಳಿಜಾರಿನ ಏಟು ಈ ಲೆಕ್ಕದಲ್ಲೂ ಬರುವುದಿಲ್ಲ. ಇಳಿಯುವಾಗ ತೊಡೆಯ ಸ್ನಾಯು ಉದ್ದಕ್ಕೆ ಎಳೆಸಿಕೊಳ್ಳುತ್ತಲೇ ಮೈಭಾರ ತಡೆಯಬೇಕು, ಅದಕ್ಕೇ ಆಮೇಲೆ ಅಷ್ಟು ನೋವು. ಒಮ್ಮೆ ಹಾಗೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟೊಂದು ನೋಯುವುದಿಲ್ಲ. ಇದು ನನಗೆ ಮೊದಲೇ ಗೊತ್ತಿದ್ದರೆ!

ದುಡ್ಡು ಕಟ್ಟುವ ಮೊದಲು ಮೂರು ಭಾನುವಾರ ಕೊಡಿ. ಒಂದು ದಿನ ಬುಡದ ಅತ್ಕರವಾಡಿಯಿಂದ ಸಿಂಹಗಡ ಕೋಟೆ ಹತ್ತಿ. ಮೂರು ಕಿ.ಮೀ.ಗೂ ಕಡಿಮೆ ದಾರಿ, ಏರು ಮಾತ್ರ ಸುಮಾರು 600 ಮೀಟರ್. ಮೇಲೆ ಪಿಠಲಾ-ಭಾಕರಿಗೆ ಕೂರಬೇಡಿ (ನಮ್ಮ ಝುಣಕ-ರೊಟ್ಟಿಯ ಥರದ್ದೇ). ಕೂಡಲೇ ಇಳಿದು ಮತ್ತೊಮ್ಮೆ ಹತ್ತಿ. ಎರಡನೇ ಸಲಕ್ಕೆ ಮನಸ್ಸು ಬಂದರೆ ನೀವು ಬೆಟ್ಟದವರು. ಇನ್ನೊಂದು ದಿನ ಊರೊಳಗಿನ ಗುಡ್ಡ ವೇತಾಳ ಟೇಕಡಿಯಲ್ಲಿ ಅದೇ ಸುತ್ತನ್ನು ಮತ್ತೆ ಮತ್ತೆ ಎರಡೂವರೆ ಗಂಟೆ ಓಡಿ. ಬೇಜಾರಾಗದಿದ್ದರೆ ಸುತ್ತಿನ ಓಟ ನೋಡಿ. ಮೂರನೆಯದು ಕಾತ್ರಜ್‌ನಿಂದ ಸಿಂಹಗಡದವರೆಗಿನ ಗುಡ್ಡಗಳ ಸಾಲು, ಗುಂಪಿನ ಜೊತೆಗೇ ಹೋಗಿ. ನೀವು ಬೇರೆಯವರನ್ನು ಎಲ್ಲಿ ದಾಟಿದಿರಿ, ಅವರು ನಿಮ್ಮನ್ನು ಎಲ್ಲಿ ದಾಟಿದರು, ಅದನ್ನು ನೆನಪಿಡಿ. ನಾನು ಏರಿನಲ್ಲಿ ದಾಟುತ್ತೇನೆ, ಇಳಿವಿನಲ್ಲಿ ಎಲ್ಲರಿಗೂ ದಾರಿ ಬಿಡುತ್ತೇನೆ. ಈಗ ಮೇಲೆ ಹತ್ತಿ ಅಲ್ಲೇ ಮುಗಿಯುವ ಚಿಕ್ಕ ಓಟ ಸಿಕ್ಕರೆ ಬಿಡುವುದಿಲ್ಲ.

ಠಾಣೆಯಿಂದ:
ವಾರ್ಜೆಯವರು ಕಾಲಿನ ಮಾತು ಹೇಳಿದರು. ನನ್ನ ತೊಂದರೆ ತಲೆಯದು. ರಾತ್ರಿ ಹೆಡ್‌ಲ್ಯಾಂಪ್ ಹಾಕಿಕೊಂಡು, ಹಿಂದೆ ಮುಂದೆ ಯಾರೂ ಇಲ್ಲದೆ ಒಬ್ಬಳೇ ಓಡುವುದು ನನ್ನಿಂದ ಆಗಲಿಲ್ಲ. ಹೆದರಿಕೆಗಿಂತ ಬೇಸರವೇ ಜಾಸ್ತಿ. ಆಮೇಲೆ ಬ್ಯಾಕ್‌ಯಾರ್ಡ್ ಅಲ್ಟ್ರಾ ಅನ್ನುವ ಸುತ್ತಿನ ಓಟ ಸಿಕ್ಕಿತು. ಗಂಟೆಗೊಂದು ಸುತ್ತು, ಸುತ್ತಿಗೆ 6.7 ಕಿ.ಮೀ. ಬೇಗ ಮುಗಿಸಿದರೆ ಉಳಿದ ನಿಮಿಷ ಕೂರಬಹುದು. ಗಂಟೆ ಹೊಡೆದರೆ ಎಲ್ಲರೂ ಒಟ್ಟಿಗೆ ಮತ್ತೆ ಹೊರಡಬೇಕು. ಕೊನೆಗೆ ಒಬ್ಬರು ಉಳಿಯುವ ತನಕ ಹೀಗೇ. 24 ಸುತ್ತು ಓಡಿದರೆ 100 ಮೈಲಿ. ನಾನು 7ಕ್ಕೆ ಕೈಬಿಟ್ಟೆ, ಆದರೆ ಪ್ರತಿ ಗಂಟೆಗೂ ಚಹಾ, ಅವಲಕ್ಕಿ, ಹರಟೆ. ವೇಗ ಇಲ್ಲದ ನನ್ನಂಥವರಿಗೆ ಹೇಳಿ ಮಾಡಿಸಿದ್ದು.

ಅಂದಹಾಗೆ, ನಮ್ಮ ಕಡೆಯ ಮೇ ತಿಂಗಳ ಸೆಕೆಯಲ್ಲಿ ಓಡಿ ನಿಮ್ಮನ್ನು ಅಳೆದುಕೊಳ್ಳಬೇಡಿ. ಬೆವರು ಆರುವುದೇ ಇಲ್ಲ. ಇಲ್ಲಿನ ಯೇವೂರು ಗುಡ್ಡದ ಸಣ್ಣ ಏರೂ ಹಿಮಾಲಯ ಅನ್ನಿಸುತ್ತದೆ.

ಮಡಗಾಂವ್, ಗೋವಾದಿಂದ:
ಒಂದು ಮಳೆಗಾಲದ ಓಟವನ್ನೂ ಓಡಿ ನೋಡಿ. ಒಣ ನೆಲದಲ್ಲಿ ಹಾರಾಡುವವರು ಕೆಂಪು ಕೆಸರಿನಲ್ಲಿ ಕೋಳಿಯ ಹಾಗೆ ಹೆಜ್ಜೆ ಇಡುತ್ತಾರೆ. ನಾನು ಅಂಕೋಲೆ ಕಡೆಯವನು, ಗದ್ದೆಯ ಬದುವಿನ ಮೇಲೆ ಓಡಿ ಬೆಳೆದವನು. ರಸ್ತೆಯಲ್ಲಿ ಎಲ್ಲರಿಗಿಂತ ಹಿಂದೆ, ಕೆಸರಿನಲ್ಲಿ ಮುಂದೆ. ಶೂ ಅಡಿಯ ಹಲ್ಲು ಆಳವಾಗಿರಲಿ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಅದೂ ಹಿಡಿಯುವುದಿಲ್ಲ, ಅಲ್ಲಿ ನಡೆಯಿರಿ.

ಪಿಂಪ್ರಿಯಿಂದ:
ಇಷ್ಟೆಲ್ಲ ಪರೀಕ್ಷೆ ಯಾಕೆ ರೀ? ದಾರಿಯಲ್ಲಿ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಾಕಿ ಯಾರು ಕೊಡುತ್ತಾರೋ ಆ ಓಟ ನನ್ನದು. ಎಂಟು ವರ್ಷದಿಂದ ಇದೇ ಲೆಕ್ಕ. ಒಮ್ಮೆಯೂ ಮೊದಲ ನೂರರೊಳಗೆ ಬಂದಿಲ್ಲ, ಒಮ್ಮೆಯೂ ಹಸಿದಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಿಂಹಗಡಕ್ಕೆ ಹೋಗಿದ್ದೆ. ಹತ್ತುವಾಗ ಶಾಲೆಯ ಹುಡುಗರೂ ನನ್ನನ್ನು ದಾಟಿದರು. ಇಳಿಯುವಾಗ ಅವರೆಲ್ಲರನ್ನೂ ನಾನು ದಾಟಿದೆ, ನನಗೇ ಆಶ್ಚರ್ಯ. ಎರಡನೇ ಸಲ ಹತ್ತಲಿಲ್ಲ, ಕೆಳಗೆ ಲಿಂಬು ಸರಬತ್ತು ಕುಡಿಯುತ್ತಾ ಕೂತೆ. 50 ಬಿಟ್ಟೆ. ಸದ್ಯಕ್ಕೆ ಏರು ಕಡಿಮೆ ಇರುವ 25 ಹುಡುಕುತ್ತಿದ್ದೇನೆ. ಇವತ್ತು ಆಫೀಸಿನ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ವಾರ್ಜೆ ಸರ್, ಹಿಂದುಮುಂದಾಗಿ ಇಳಿಯುವಾಗ ಕಟಾಂಜನವನ್ನು ಒಂದು ಕೈಯಲ್ಲಿ ಹಿಡಿಯಬೇಕಾ, ಎರಡರಲ್ಲೂನಾ?