ಪೆಡಿಗ್ರೀ ಅಂದ್ರೆ ನಾಯಿಗೆ ಮಾತ್ರವಾ? ಅಮ್ಮನಿಗೆ ಬೇಜಾರಾಗಿದೆ

ಕಟಪಾಡಿ ಕಡಲು

ಮಗನಿಗೆ 7 ವರ್ಷ. ಚಿತ್ರ ಬಿಡಿಸುವಾಗ ಬಾಳೆಲೆಗೆಲ್ಲ ಕಂದು ಬಣ್ಣ ತುಂಬುತ್ತಿದ್ದ. ಟೀಚರ್ ಹೇಳಿದ ಮೇಲೆ ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೆಂಪು-ಹಸಿರು ಬಣ್ಣಗುರುಡು ಅಂದರು. ಹೆದರುವಂಥದ್ದೇನೂ ಇಲ್ಲವಂತೆ, ಅದು ಬಿಡಿ.

ಅಲ್ಲಿದ್ದ ಚಿಕ್ಕ ಪ್ರಾಯದ ಡಾಕ್ಟ್ರು ಒಂದು ಹಾಳೆ ತೆಗೆದು, ಮೇಲೆ 'ಪೆಡಿಗ್ರೀ' ಅಂತ ಬರೆದರು. ಮನೆಯವರ ಬಗ್ಗೆ ಒಬ್ಬೊಬ್ಬರಾಗಿ ಕೇಳುತ್ತಾ ಚೌಕ, ವೃತ್ತ ಎಳೆಯಲು ಶುರು ಮಾಡಿದರು. ಅಮ್ಮ ಜೊತೆಗಿದ್ದರು. ಆ ಅಕ್ಷರ ಓದಿದ್ದೇ ತಡ, ಮುಖ ಬಿಗಿಯಿತು. ಪಕ್ಕದ ಮನೆಯವರು ನಾಯಿ ತಿಂಡಿಯ ಖಾಲಿ ಚೀಲ ನಮಗೆ ಕೊಡುತ್ತಾರೆ. ಅಮ್ಮ ಅದರಲ್ಲಿ ತೆಂಗಿನ ಸಿಪ್ಪೆ ತುಂಬಿಸಿ ಬಚ್ಚಲೊಲೆಯ ಹತ್ತಿರ ಇಡುವುದು. ಚೀಲದ ಮೇಲೆ ಇದೇ ಹೆಸರು! ಆಮೇಲೆ ಡಾಕ್ಟ್ರು ಏನು ಕೇಳಿದರೂ "ಇಲ್ಲ, ನಮ್ಮಲ್ಲಿ ಯಾರಿಗೂ ಇಲ್ಲ" ಅಷ್ಟೇ ಉತ್ತರ.

ಹೊರಗೆ ಬಂದವರೇ, "ನಾಯಿಗೆ ಕೇಳುವುದನ್ನು ನಮ್ಮತ್ರ ಕೇಳ್ತಾರಲ್ಲ. ಬರಿ ಯಾವುದು ಅಂತ ಕೇಳಿದ್ರೆ ನಾನು ಹೇಳ್ತಿರಲಿಲ್ವಾ?" ಅಂದರು. ಬಸ್ಸು ಪಡುಬಿದ್ರಿ ದಾಟುವವರೆಗೂ ಇದೇ ಮಾತು.

ಗೊತ್ತಿದ್ದವರು ಹೇಳಿ. ಈ ಪದ ನಾಯಿಯಿಂದ ಮನುಷ್ಯರಿಗೆ ಬಂದದ್ದಾ, ಮನುಷ್ಯರಿಂದ ನಾಯಿಗೆ ಹೋದದ್ದಾ? ತುಳುವಿನಲ್ಲಿ ವಂಶಕ್ಕೆ ನಾವು ಹೇಳುವ 'ಬರಿ'ಗೂ ಇದಕ್ಕೂ ಒಂದೇ ಅರ್ಥವಾ? ನನ್ನ ಗಂಡ ಘಟ್ಟದ ಮೇಲಿನವರು. "ಬರಿ ಅಂದ್ರೆ ಬರೀ ಕೈ ಅಂತೀವಲ್ಲ, ಅದಾ?" ಅಂತ ಕೇಳಿ ಅಮ್ಮನ ಸಿಟ್ಟು ಇನ್ನೂ ಜಾಸ್ತಿ ಮಾಡಿದ್ದಾರೆ.

ಕದ್ರಿ ಲ್ಯಾಬ್ರಡಾರ್

ಅಮ್ಮನಿಗೆ ಸಮಾಧಾನ ಹೇಳಿ ಮಾರಾಯ್ರೆ, ಮೊದಲು ಮನುಷ್ಯರದ್ದೇ. ಅದಕ್ಕೂ ಮೊದಲು ಹಕ್ಕಿಯದ್ದು! ಹಳೇ ಫ್ರೆಂಚಿನಲ್ಲಿ 'ಪೀ ದ ಗ್ರೂ' ಅಂದ್ರೆ ಕೊಕ್ಕರೆ ಕಾಲು. ವಂಶದ ಪಟ್ಟಿ ಬರೆಯುವಾಗ ಅಪ್ಪನ ಹೆಸರಿನಿಂದ ಮಕ್ಕಳ ಹೆಸರಿಗೆ ಮೂರು ಗೆರೆ ಇಳಿಸಿ ನೋಡಿ. ಕೆಸರಲ್ಲಿ ಹಕ್ಕಿ ಹೆಜ್ಜೆ ಇಟ್ಟ ಹಾಗೆಯೇ ಕಾಣುತ್ತದೆ. ಆ ಗುರುತಿನ ಹೆಸರೇ ಪಟ್ಟಿಗೂ ಬಂತು. ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ. ಆಗ ಇದು ದೊಡ್ಡ ಮನೆತನದವರ ಮಾತು. ಪ್ರಾಣಿಗಳಿಗೆ ಹೇಳುವುದು ಆಮೇಲೆ ಶುರುವಾಯಿತು. ಇಂಗ್ಲೆಂಡಿನಲ್ಲಿ ರೇಸ್ ಕುದುರೆಗಳ ವಂಶ ಬರೆದಿಡುವ 'ಜನರಲ್ ಸ್ಟಡ್ ಬುಕ್' ಬಂದದ್ದು 1791ರಲ್ಲಿ. ನಾಯಿಗಳ ಲೆಕ್ಕ ಇಡುವ ಕೆನಲ್ ಕ್ಲಬ್ ಲಂಡನ್ನಿನಲ್ಲಿ 1873ರಲ್ಲಿ. ತಿಂಡಿ ಚೀಲಕ್ಕೆ ಹೆಸರು ಹತ್ತಿದ್ದು ಎಲ್ಲದಕ್ಕಿಂತ ಕೊನೆಗೆ.

ನನ್ನ ನಾಯಿಯ ಸರ್ಟಿಫಿಕೇಟಿನಲ್ಲಿ ಮೂರು ತಲೆಮಾರು ಉಂಟು. ಅಪ್ಪ ಅಮ್ಮ 2, ಅಜ್ಜ ಅಜ್ಜಿ 4, ಅದರ ಹಿಂದಿನವು 8. ಒಟ್ಟು 14 ಹೆಸರು. ಕಾಗದದಲ್ಲಿ ಅದಕ್ಕೂ ಒಂದು ಗೇಣು ಉದ್ದದ ಹೆಸರಿದೆ, ಮನೆಯಲ್ಲಿ ಕರೆಯುವುದು ಕಾಳು ಅಂತ. ಒಂದು ದಿನ ಸುಮ್ನೆ ನನ್ನದೇ 14 ಬರೆಯಲು ಕೂತೆ. 9ಕ್ಕೆ ನಿಂತೆ.

ಹಳೇ ಗುಮಾಸ್ತ

ಉಡುಪಿಯಲ್ಲಿ ವಕೀಲರ ಆಫೀಸಿನಲ್ಲಿ 34 ವರ್ಷ ಕೆಲಸ ಮಾಡಿದವನು ನಾನು. ಬರಿ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ತುಳುವಿನ 'ಬರಿ', ಕನ್ನಡದ 'ಬಳಿ' ಎರಡೂ ಒಂದೇ. ಹಳಗನ್ನಡದಲ್ಲಿ ಬಳಿ ಅಂದ್ರೆ ದಾರಿ. ಮಲಯಾಳ, ತಮಿಳಿನಲ್ಲಿ ಬಕಾರಕ್ಕೆ ವಕಾರ ಹಾಕಿ ಈಗಲೂ ದಾರಿಗೆ ಹಾಗೆಯೇ ಹೇಳುತ್ತಾರೆ. ಯಾವ ದಾರಿಯಿಂದ ಬಂದವರು, ಅದೇ ಅವರ ಬಳಿ. ಪೇಟೆ ಕನ್ನಡದಲ್ಲಿ ದಾರಿಯೂ ಹೋಯಿತು, ವಂಶವೂ ಹೋಯಿತು, 'ಹತ್ತಿರ' ಅನ್ನುವ ಅರ್ಥ ಮಾತ್ರ ಉಳಿಯಿತು. ಉತ್ತರ ಕನ್ನಡದ ಹಾಲಕ್ಕಿಗಳಲ್ಲಿ ವಂಶಕ್ಕೆ ಬಳಿ ಅಂತಲೇ ಹೇಳುವುದು. ನಿಮ್ಮ ಯಜಮಾನರ 'ಬರೀ ಕೈ' ಬೇರೆಯೇ ಪದ, ಅವರನ್ನು ಕ್ಷಮಿಸಿಬಿಡಿ.

ಬರಿ ತಾಯಿಯಿಂದ ಬರುವುದು. ಒಂದೇ ಬರಿಯವರು ಅಣ್ಣ-ತಂಗಿ, ಅವರೊಳಗೆ ಮದುವೆ ಇಲ್ಲ. ಹಿಂದೆ ಆಸ್ತಿಯೂ ಅದೇ ದಾರಿಯಲ್ಲಿ ಹೋಗುತ್ತಿತ್ತು, ಅಳಿಯಸಂತಾನ ಅಂತ. ಇಲ್ಲಿ ಅಳಿಯ ಅಂದ್ರೆ ಅಕ್ಕ-ತಂಗಿಯ ಮಗ, ಮಗಳ ಗಂಡ ಅಲ್ಲ. ಮದ್ರಾಸ್ ಸರಕಾರದ 1949ರ ಅಳಿಯಸಂತಾನ ಕಾಯ್ದೆಯಲ್ಲಿ ಕುಟುಂಬದ ಕವಲಿಗೆ 'ಕವರು' ಅಂತ ಹೆಸರು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಮುಂದುವರಿದವರು ಸೇರಿ ಒಂದು ಕವರು. 50 ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಗಂಡಸರು ಹತ್ತು ಜನ ಇದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಆಫೀಸಿಗೆ ಹೊಸದಾಗಿ ಬಂದ ಹುಡುಗನೊಬ್ಬ, "ಈ ಕೇಸಿಗೆ ಮೂರು ಕವರು ಉಂಟು" ಅಂತ ವಕೀಲರು ಹೇಳಿದ್ದನ್ನು ಕೇಳಿ ಅಂಗಡಿಯಿಂದ ಮೂರು ಲಕೋಟೆ ತಂದಿದ್ದ.

ಈಗ ಬರಿಯ ಪಾಡೇ ಬೇರೆ. ಸಾಲಿಯಾನ್, ಕೋಟ್ಯಾನ್, ಬಂಗೇರ, ಕರ್ಕೇರ ಇವೆಲ್ಲ ಬರಿಗಳು. ಮುಂಬೈಗೆ ಹೋದ ನಮ್ಮ ದೊಡ್ಡಪ್ಪನಿಗೆ ಅಲ್ಲಿನ ಕಾಗದಪತ್ರಕ್ಕೆ ಒಂದು ಸರ್ನೇಮ್ ಬೇಕಾಯಿತು, ಬರಿ ಬರೆಸಿದರು. ಅದು ಅವರ ಮಕ್ಕಳಿಗೂ ಹೋಯಿತು. ಸರ್ನೇಮ್ ಅಪ್ಪನ ಕಡೆಯಿಂದ ಇಳಿಯುವಂಥದ್ದು ತಾನೇ? ಈಗ ಅವರ ಮೊಮ್ಮಗನ ಆಧಾರ್‌ನಲ್ಲಿ ಒಂದು ಬರಿ, ಮದುವೆ ಮಾತುಕತೆಯಲ್ಲಿ ಹೇಳುವುದು ಇನ್ನೊಂದು. ಹುಡುಗಿಯ ಕಡೆಯವರು ಹೆಸರು ನೋಡಿ "ಒಂದೇ ಬರಿ, ಆಗುವುದಿಲ್ಲ" ಅಂದಿದ್ದರು. ಬಿಡಿಸಿ ಹೇಳಲು ನಾನೇ ಹೋಗಬೇಕಾಯಿತು.

ಮಣಿಪಾಲ ಮಳೆ

ಬೇಜಾರು ಮಾಡಿಕೊಳ್ಳುವುದಾದ್ರೆ ಸಂಸ್ಕೃತದವರೂ ಮಾಡಬೇಕು. 'ವಂಶ' ಅಂದ್ರೆ ಮೊದಲು ಬಿದಿರು. ಗಿಣ್ಣಿನ ಮೇಲೆ ಗಿಣ್ಣು ಬರುತ್ತದಲ್ಲ, ಹಾಗೆ. 'ಗೋತ್ರ' ವೇದದಲ್ಲಿ ದನದ ಹಟ್ಟಿ. ಹಟ್ಟಿಗಿಂತ ಕೊಕ್ಕರೆ ಕಾಲು ಅಡ್ಡಿಯಿಲ್ಲ ಅಲ್ವಾ?

ಬಯಾಲಜಿ ಮೇಡಂ

ಆ ಹಾಳೆ ನಾನು ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಕಲಿಸುತ್ತೇನೆ. ಚೌಕ ಗಂಡು, ವೃತ್ತ ಹೆಣ್ಣು. ತೊಂದರೆ ಇದ್ದವರಿಗೆ ಕಪ್ಪು ತುಂಬಿಸುವುದು. ತೊಂದರೆ ತನಗೆ ಕಾಣಿಸದೆ ಮಕ್ಕಳಿಗೆ ದಾಟಿಸುವ ತಾಯಿಯ ವೃತ್ತದ ನಡುವೆ ಒಂದು ಚುಕ್ಕೆ. ಗಂಡ-ಹೆಂಡತಿ ಮಧ್ಯೆ ಒಂದು ಗೆರೆ, ಸಂಬಂಧದಲ್ಲೇ ಮದುವೆಯಾಗಿದ್ದರೆ ಎರಡು ಗೆರೆ. ನಮ್ಮೂರಿನ ಮಕ್ಕಳಿಗೆ ಮನೆಯ ಪಟ್ಟಿ ಬರೆಯಲು ಹೇಳಿದರೆ ಎರಡು ಗೆರೆಯವು ಬೇಕಾದಷ್ಟು ಬರುತ್ತವೆ.

ನಿಮ್ಮ ಮಗನ ವಿಷಯದಲ್ಲಿ ಒಂದು ತಮಾಷೆ ಉಂಟು. ಕೆಂಪು-ಹಸಿರು ಬಣ್ಣಗುರುಡು ಎಕ್ಸ್ ಕ್ರೋಮೋಸೋಮಿನಲ್ಲಿ ಹೋಗುತ್ತದೆ. ಗಂಡು ಮಗುವಿಗೆ ಎಕ್ಸ್ ಸಿಗುವುದು ತಾಯಿಯಿಂದ ಮಾತ್ರ. ಹಾಗಾಗಿ ಮಾವನಿಗಿದ್ದದ್ದು ಅಕ್ಕ-ತಂಗಿಯ ಮಗನಲ್ಲಿ ಕಾಣುವುದು ತುಂಬಾ ಸಾಮಾನ್ಯ. ಪಕ್ಕಾ ಅಳಿಯಸಂತಾನ! ಆದರೆ ಬರಿಯಷ್ಟು ನೇರ ಅಲ್ಲ. ಹೆಣ್ಣು ಮಗುವಿಗೆ ಅಪ್ಪನ ಎಕ್ಸ್ ಕೂಡ ಬರುತ್ತದೆ, ಅಂದ್ರೆ ನಿಮ್ಮ ಅಪ್ಪನ ಕಡೆಯಿಂದಲೂ ಬಂದಿರಬಹುದು. ಬರಿಯ ಹಾಗೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುವುದು ಮೈಟೊಕಾಂಡ್ರಿಯಾದ ಡಿಎನ್‌ಎ. ಮಗನಿಗೂ ಸಿಗುತ್ತದೆ, ಅವನಿಂದ ಮುಂದಕ್ಕೆ ಹೋಗುವುದಿಲ್ಲ.

ಇನ್ನೊಮ್ಮೆ ಅಮ್ಮನ ಹತ್ತಿರ ಕೇಳಿ ನೋಡಿ. ಅವರ ಅಪ್ಪನಿಗೋ ಅಣ್ಣ-ತಮ್ಮಂದಿರಿಗೋ ಬಣ್ಣ ಗೊತ್ತಾಗದ್ದು ಉಂಟಾ?

ಕಟಪಾಡಿ ಕಡಲು

ಎಲ್ಲರಿಗೂ ಥ್ಯಾಂಕ್ಸ್. ಕೊಕ್ಕರೆ ಕಾಲನ್ನು ಅಮ್ಮನಿಗೆ ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದೆ. "ಹಾಗಾದ್ರೆ ಅಡ್ಡಿಯಿಲ್ಲ" ಅಂದರು. ಸಿಪ್ಪೆಯ ಚೀಲವನ್ನು ಮಾತ್ರ ಅಕ್ಷರ ಗೋಡೆ ಕಡೆಗೆ ತಿರುಗಿಸಿ ಇಟ್ಟಿದ್ದಾರೆ.

ಮೇಡಂ ಕೇಳಿದ್ದನ್ನು ಕೇಳಿದೆ. ಮೊದಲು "ಯಾರಿಗೂ ಇಲ್ಲ ಅಂತ ಹೇಳಿದ್ನಲ್ಲ" ಅಂದರು. ರಾತ್ರಿ ಊಟಕ್ಕೆ ಕೂತಾಗ ಅವರೇ ಶುರು ಮಾಡಿದರು. ಮುಂಬೈಯ ದೊಡ್ಡ ಮಾವ ಸಣ್ಣದಿರುವಾಗ ಪುನರ್ಪುಳಿ ಕೊಯ್ಯಲು ಮರ ಹತ್ತಿದರೆ ಬುಟ್ಟಿಯಲ್ಲಿ ಅರ್ಧ ಕಾಯಿಯೇ ಇರುತ್ತಿತ್ತಂತೆ. ಅಜ್ಜಿಯ ಕೈಯಿಂದ ದಿನಾ ಬೈಗುಳ. ಉದಾಸೀನ ಅಂತ ಎಲ್ಲರೂ ತಿಳಿದಿದ್ದರು.

ಆಗಲೇ ಫೋನ್ ಮಾಡಿದೆವು. ಮಾವನಿಗೆ ಈಗ 71. ಸ್ಪೀಕರ್ ಹಾಕಿದ್ದೆ. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಮ್ಮನನ್ನೇ ಕೇಳಿದರು:

"ನಾನು ಒಂದೊಂದನ್ನೇ ಹಿಚುಕಿ ನೋಡಿ ಕೊಯ್ಯುತ್ತಿದ್ದದ್ದು. ನಿಮಗೆಲ್ಲ ಕೆಳಗಿಂದಲೇ ಕಾಣ್ತಿತ್ತಾ?"